ಪ್ರವೇಶದ ಮಾನದಂಡಗಳು: ಮೈಸೂರು–ಕರ್ನಾಟಕದ ಅನುಭವದ ಒಂದು ವಿಮರ್ಶೆ

1. ಪೀಠಿಕೆ

ಸ್ಥಾನಗಳು ನೂರಿದ್ದು ಅರ್ಜಿಗಳು ಸಾವಿರವಾದಾಗ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಹಿಂದಕ್ಕೆ ಕಳುಹಿಸಬೇಕು ಎಂಬ ಪ್ರಶ್ನೆ ಪ್ರತಿಯೊಂದು ವಿಶ್ವವಿದ್ಯಾನಿಲಯದ ಮುಂದೆಯೂ ಬಂದೇ ಬರುತ್ತದೆ. ಈ ಪ್ರಶ್ನೆಗೆ ಯಾವ ಉತ್ತರವನ್ನು ಕೊಟ್ಟರೂ ಅದರ ಹಿಂದೆ ವಿದ್ಯಾರ್ಥಿಯೆಂದರೆ ಯಾರು ಎಂಬ ಒಂದು ಕಲ್ಪನೆ ಇದ್ದೇ ಇರುತ್ತದೆ. ಅವನು ಒಂದು ಜಾತಿಯ ಮಗನೆ, ಒಂದು ಊರಿನ ಮಗನೆ, ಇಷ್ಟು ವರಮಾನದ ಮನೆಯವನೆ, ಇಷ್ಟು ಅಂಕಗಳ ಒಡೆಯನೆ, ಇಷ್ಟು ಹಣವನ್ನು ತೆರಬಲ್ಲವನೆ? ನಿಯಮವನ್ನು ರಚಿಸಿದವರು ಇವುಗಳಲ್ಲಿ ಯಾವುದೋ ಒಂದನ್ನೊ ಎರಡನ್ನೊ ಆರಿಸಿಕೊಂಡು, ಮಿಕ್ಕವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿರುತ್ತಾರೆ. ಆದುದರಿಂದ ಪ್ರವೇಶ ನಿಯಮವೆಂಬುದು ಕಚೇರಿಯ ವ್ಯವಹಾರ ಮಾತ್ರವಲ್ಲ. ಅದು ಸಮಾಜವು ತನ್ನ ಮಕ್ಕಳನ್ನು ಹೇಗೆ ವಿಂಗಡಿಸಿ ನೋಡುತ್ತದೆ ಎಂಬುದರ ಲಿಖಿತ ಸಾಕ್ಷ್ಯವೂ ಹೌದು.

ಹಳೆಯ ಮೈಸೂರು ಸಂಸ್ಥಾನದಲ್ಲಿಯೂ ಅನಂತರದ ಕರ್ನಾಟಕ ರಾಜ್ಯದಲ್ಲಿಯೂ ಒಂದು ಶತಮಾನದಿಂದ ಇಂತಹ ವಿಂಗಡಣೆಗಳು ಒಂದರ ಮೇಲೊಂದು ನಡೆದುಬಂದಿವೆ. ಭಾರತದ ಪ್ರವೇಶ ನೀತಿಯನ್ನು ರೂಪಿಸಿದ ಪ್ರಮುಖ ನ್ಯಾಯತೀರ್ಪುಗಳಲ್ಲಿ ಹಲವು ಹುಟ್ಟಿದ್ದು ನಮ್ಮ ರಾಜ್ಯದ ಆಜ್ಞೆಗಳಿಂದಲೇ. ಈ ನಿಯಮಗಳನ್ನು ಕ್ರಮವಾಗಿ ಪರಿಶೀಲಿಸಿ ಅವುಗಳ ಬೆಲೆಗಟ್ಟುವುದು ಪ್ರಕೃತ ಲೇಖನದ ಉದ್ದೇಶ. ಮೀಸಲಾತಿ ಬೇಕೆ ಬೇಡವೆ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತುವುದಿಲ್ಲ. ಸಂವಿಧಾನವು ಅದಕ್ಕೆ ಉತ್ತರ ಕೊಟ್ಟಿದೆ. ಪ್ರತಿಯೊಂದು ನಿಯಮಕ್ಕೂ ನಾವು ಮೂರು ಪ್ರಶ್ನೆಗಳನ್ನು ಹಾಕುತ್ತೇವೆ. ಅದು ಯಾವ ವಿದ್ಯಾರ್ಥಿಯನ್ನು ಕಣ್ಣಮುಂದೆ ಇಟ್ಟುಕೊಂಡಿತು? ಅವನನ್ನು ಯಾವ ಅಳತೆಯಿಂದ ಗುರುತಿಸಿತು? ಒಳಗೆ ಬಂದ ಮೇಲೆ ಅವನಿಗೆ ಏನನ್ನು ಕೊಡುವುದಾಗಿ ಹೇಳಿತು? ಮೊದಲಿನ ಎರಡು ಪ್ರಶ್ನೆಗಳಿಗೆ ನಮ್ಮ ನಿಯಮಗಳು ವಿವರವಾಗಿ ಉತ್ತರ ಕೊಡುತ್ತವೆ. ಮೂರನೆಯದಕ್ಕೆ ಅವು ಬಹುತೇಕ ಮೌನವಾಗಿವೆ. ಈ ಮೌನವೇ ನಮ್ಮ ವಿಮರ್ಶೆಯ ಮುಖ್ಯ ವಸ್ತು.

2. ಸಮುದಾಯದ ಸದಸ್ಯನಾಗಿ ವಿದ್ಯಾರ್ಥಿ

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದುದು 1916ರಲ್ಲಿ. ಎರಡು ವರ್ಷಗಳ ಅನಂತರ, 1918ರಲ್ಲಿ, ಸಂಸ್ಥಾನದ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಲಾಯಿತು. ಸರಕಾರಿ ನೌಕರಿಯಲ್ಲಿ ಸಾಕಷ್ಟು ಪ್ರಾತಿನಿಧ್ಯವಿಲ್ಲದ ಸಮುದಾಯಗಳನ್ನು ಮುಂದಕ್ಕೆ ತರುವ ಬಗೆ ಹೇಗೆಂಬುದು ಸಮಿತಿಯ ಮುಂದಿದ್ದ ಪ್ರಶ್ನೆ. ನೌಕರಿಯ ಮಾತು ವಿದ್ಯೆಯ ಮಾತನ್ನು ಎಳೆದುಕೊಂಡೇ ಬರುತ್ತದೆ. ಪದವಿ ಇಲ್ಲದವನಿಗೆ ಹುದ್ದೆಯನ್ನು ಕಾದಿರಿಸಿ ಫಲವಿಲ್ಲ. ಹೀಗೆ ಸಮುದಾಯವೆಂಬುದು ನಮ್ಮಲ್ಲಿ ವಿದ್ಯಾರ್ಥಿಯನ್ನು ಗುರುತಿಸುವ ಮೊದಲನೆಯ ಆಡಳಿತ ಸೂತ್ರವಾಯಿತು.

ನೆರೆಯ ಮದರಾಸು ಪ್ರಾಂತದಲ್ಲಿ ಈ ಸೂತ್ರ ಇನ್ನೂ ಕಟ್ಟುನಿಟ್ಟಾಗಿತ್ತು. ಆಗ ಮಂಗಳೂರು, ಬಳ್ಳಾರಿಗಳೂ ಆ ಪ್ರಾಂತಕ್ಕೆ ಸೇರಿದ್ದವಾದುದರಿಂದ ಕನ್ನಡಿಗರ ಒಂದು ಭಾಗಕ್ಕೂ ಅದು ಅನ್ವಯಿಸುತ್ತಿತ್ತು. ಅಲ್ಲಿಯ ಸರಕಾರದ ಆಜ್ಞೆಯು ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರತಿ 14 ಸ್ಥಾನಗಳಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ–ಇಂಡಿಯನ್ನರಿಗೂ ಭಾರತೀಯ ಕ್ರೈಸ್ತರಿಗೂ ಕೂಡಿ 1, ಮುಸಲ್ಮಾನರಿಗೆ 1 ಎಂದು ಹಂಚಿತ್ತು. ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1951ರ ಏಪ್ರಿಲ್ ತಿಂಗಳಲ್ಲಿ ಈ ಆಜ್ಞೆಯನ್ನು ರದ್ದುಮಾಡಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಸಂವಿಧಾನದ ಪ್ರಥಮ ತಿದ್ದುಪಡಿಯು 15ನೆಯ ವಿಧಿಗೆ ನಾಲ್ಕನೆಯ ಉಪವಿಧಿಯನ್ನು ಸೇರಿಸಿ, ಸಾಮಾಜಿಕವಾಗಿಯೂ ಶೈಕ್ಷಣಿಕವಾಗಿಯೂ ಹಿಂದುಳಿದ ವರ್ಗಗಳ ಹಾಗೂ ಪರಿಶಿಷ್ಟ ಜಾತಿ ಪಂಗಡಗಳ ಏಳಿಗೆಗಾಗಿ ವಿಶೇಷ ಏರ್ಪಾಟು ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮದರಾಸಿನ ಆಜ್ಞೆಯು ಸ್ಥಾನಗಳನ್ನು ಎಲ್ಲ ಸಮುದಾಯಗಳಿಗೂ ಪಾಲುಮಾಡಿ ಕೊಡುತ್ತಿತ್ತು. ತಿದ್ದುಪಡಿಯು ಹಿಂದುಳಿದಿರುವಿಕೆಯನ್ನು ಕೇಳಿತು. ಪಾಲು ಹಂಚುವುದು ಬೇರೆ, ಕೊರತೆಯನ್ನು ತುಂಬುವುದು ಬೇರೆ. ಕೊರತೆಯ ಮಾತು ಬಂದೊಡನೆ ಅದನ್ನು ಅಳೆಯುವ ಹೊಣೆಯೂ ಬರುತ್ತದೆ. ಅದನ್ನು ತುಂಬುವ ಹೊಣೆಯೂ ಬರುತ್ತದೆ. ಅಳೆಯುವ ಕಾರ್ಯವನ್ನು ನಮ್ಮ ರಾಜ್ಯ ಕೂಡಲೆ ಕೈಗೆತ್ತಿಕೊಂಡಿತು.

3. ಸರಾಸರಿಯ ಗೆರೆ ಮತ್ತು ಸಂದರ್ಶನದ ಮೇಜು

1956ರ ರಾಜ್ಯ ಪುನರ್ವಿಂಗಡಣೆಯಿಂದ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಕನ್ನಡ ಪ್ರದೇಶಗಳು ಒಂದುಗೂಡಿದುವು. ಹಿಂದುಳಿದವರು ಯಾರೆಂಬುದಕ್ಕೆ ಇಡೀ ರಾಜ್ಯಕ್ಕೆ ಹೊಂದುವ ಒಂದೇ ಉತ್ತರ ಬೇಕಾಯಿತು. 1960ರಲ್ಲಿ ನೇಮಕಗೊಂಡ ನಾಗನಗೌಡ ಸಮಿತಿಯು ಇದಕ್ಕೆ ಒಂದು ಅಂಕಿಯ ಉತ್ತರವನ್ನು ಹುಡುಕಿತು. ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿರುವ ಮಕ್ಕಳು ಆಯಾ ಸಮುದಾಯದ ಸಾವಿರ ಜನಕ್ಕೆ ಎಷ್ಟು ಮಂದಿ ಎಂದು ಅದು ಲೆಕ್ಕ ಹಾಕಿತು. ರಾಜ್ಯದ ಸರಾಸರಿ ಸಾವಿರಕ್ಕೆ 6.9 ಎಂದು ಬಂದಿತು.

ಈ ಲೆಕ್ಕದ ಮೌಲ್ಯವನ್ನು ಕಡೆಗಣಿಸಲಾಗದು. ಅಭಿಪ್ರಾಯಗಳ ಜಾಗದಲ್ಲಿ ಅದು ಎಣಿಕೆಯನ್ನು ತಂದಿತು. ಆದರೆ ಸರಾಸರಿಯೆಂಬುದು ಗೆರೆಯಾದೊಡನೆ ಗೆರೆಯ ಆಚೆ ಈಚೆ ನಿಂತವರ ಪ್ರಶ್ನೆ ಏಳುತ್ತದೆ. ಲಿಂಗಾಯತರ ಲೆಕ್ಕ 7.1 ಇದ್ದರೂ ಸರಕಾರ ಅವರನ್ನು ಹಿಂದುಳಿದವರ ಪಟ್ಟಿಯಲ್ಲಿಯೇ ಇರಿಸಿತು. 1962ರ ಜುಲೈ ತಿಂಗಳ ಆಜ್ಞೆಯು ಹಿಂದುಳಿದವರಿಗೆ ಶೇಕಡ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3, ಹೀಗೆ ಒಟ್ಟು ಶೇಕಡ 68 ಸ್ಥಾನಗಳನ್ನು ಕಾದಿರಿಸಿತು. ಬಾಲಾಜಿ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಬರೆದ ತೀರ್ಪು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಈ ಆಜ್ಞೆಯನ್ನು ತಳ್ಳಿಹಾಕಿತು. ಜಾತಿಯೊಂದೇ ಹಿಂದುಳಿದಿರುವಿಕೆಯ ಒರೆಗಲ್ಲಾಗಲಾರದು. ಸರಾಸರಿಗಿಂತ ಗಣನೀಯವಾಗಿ ಕೆಳಗಿರುವವರೇ ಶೈಕ್ಷಣಿಕವಾಗಿ ಹಿಂದುಳಿದವರೆನಿಸಬಲ್ಲರು. ಮೀಸಲು ಪ್ರಮಾಣವು ಸಾಮಾನ್ಯವಾಗಿ ಶೇಕಡ 50ನ್ನು ಮೀರಬಾರದು. ಈ ಮೂರು ಮಾತುಗಳು ಅಲ್ಲಿಂದ ಮುಂದೆ ಭಾರತದ ಮೀಸಲಾತಿ ಶಾಸ್ತ್ರಕ್ಕೆ ತಳಹದಿಯಾದುವು.

ಸರಕಾರವು 1963ರ ಜುಲೈ ತಿಂಗಳಲ್ಲಿ ಹೊಸ ಆಜ್ಞೆಯನ್ನು ಹೊರಡಿಸಿತು. ಈ ಸಲ ಜಾತಿಯ ಹೆಸರಿರಲಿಲ್ಲ. ವರ್ಷಕ್ಕೆ 1,200 ರೂಪಾಯಿಗೆ ಮೀರದ ಕುಟುಂಬದ ವರಮಾನ, ಮತ್ತು ಬೇಸಾಯ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಕೈಕಸುಬು ಮೊದಲಾದ ವೃತ್ತಿ, ಇವೆರಡೂ ಕೂಡಿದವರು ಹಿಂದುಳಿದವರೆನಿಸಿದರು. ಮೈಸೂರಿನ ವಿದ್ಯಾರ್ಥಿ ಹದಿನೆಂಟು ತಿಂಗಳೊಳಗೆ ಜಾತಿಯ ಮಗನಾಗಿದ್ದವನು ಕಸುಬಿನ ಮಗನಾದನು. ಚಿತ್ರಲೇಖಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1964ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು.

ಆದರೆ ಅದೇ ಮೊಕದ್ದಮೆಯಲ್ಲಿ ಇನ್ನೊಂದು ವಿಷಯವೂ ಇದ್ದಿತು. ವಿಮರ್ಶಕರು ಅದಕ್ಕೆ ಸಲ್ಲಬೇಕಾದಷ್ಟು ಗಮನ ಕೊಟ್ಟಿಲ್ಲವೆಂದು ನಮ್ಮ ಭಾವನೆ. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡ 25ರಷ್ಟು ಅಂಕಗಳನ್ನು ಸಂದರ್ಶನಕ್ಕೆ ಮೀಸಲಿಡಲಾಗಿತ್ತು. ಸಾಮಾನ್ಯ ಜ್ಞಾನ, ಪ್ರವೃತ್ತಿ ಮತ್ತು ವ್ಯಕ್ತಿತ್ವ, ಹಿಂದಿನ ವಿದ್ಯಾಭ್ಯಾಸದಲ್ಲಿ ಪಡೆದ ವಿಶೇಷ ಮನ್ನಣೆ, ಎನ್.ಸಿ.ಸಿ., ಆಟಪಾಟ, ಚರ್ಚಾಸ್ಪರ್ಧೆ, ನಾಟಕ, ಸಮಾಜಸೇವೆ, ಇವು ಆ ಸಂದರ್ಶನದಲ್ಲಿ ನೋಡಬೇಕಾದ ಗುಣಗಳು. ನ್ಯಾಯಾಲಯವು ಈ ಪದ್ಧತಿಯನ್ನೂ ಒಪ್ಪಿತು. ಈಗ ಆಜ್ಞೆಯ ಎರಡು ಭಾಗಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ವಿರೋಧ ಎದ್ದುಕಾಣುತ್ತದೆ. ವರ್ಷಕ್ಕೆ 1,200 ರೂಪಾಯಿ ವರಮಾನದ ರೈತನ ಮಗನಿಗೆ ಒಂದು ಕೈಯಿಂದ ಸ್ಥಾನವನ್ನು ಕಾದಿರಿಸಿ, ಇನ್ನೊಂದು ಕೈಯಿಂದ ಅವನ ಚರ್ಚಾಪಟುತ್ವವನ್ನೂ ನಾಟಕಾಭಿನಯವನ್ನೂ ಕೇಳಲಾಯಿತು. ಚರ್ಚಾಸಂಘವಿಲ್ಲದ ಶಾಲೆಯಲ್ಲಿ ಓದಿದ ಹುಡುಗ ಚರ್ಚಾಪಟುವಾಗುವುದೆಂತು? ಎನ್.ಸಿ.ಸಿ. ತುಕಡಿಯಿಲ್ಲದ ಊರಿನಲ್ಲಿ ಅದರ ಪ್ರಮಾಣಪತ್ರ ದೊರೆಯುವುದೆಂತು? ಸಂದರ್ಶನವು ವಿದ್ಯಾರ್ಥಿಯನ್ನು ಅಳೆಯುತ್ತೇನೆಂದು ಹೇಳಿ ಅವನ ಶಾಲೆಯನ್ನು ಅಳೆಯುತ್ತಿತ್ತು. ಮೀಸಲು ಪಟ್ಟಿಯೊಳಗೂ ಅನುಕೂಲವಿದ್ದ ಮಗುವೇ ಮುಂದೆ ಬರುವಂತೆ ಅದು ಮಾಡುತ್ತಿತ್ತು. ಕಾಶ್ಮೀರದ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಸಂಬಂಧಿಸಿದ ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ, 1980ರ ಕೊನೆಗೆ, ಸಂದರ್ಶನದ ಅಂಕ ಶೇಕಡ 15ನ್ನು ಮೀರಬಾರದೆಂದು ನ್ಯಾಯಾಲಯ ಹೇಳಿತು. ಅದು ಪ್ರಮಾಣವನ್ನು ಕುರಿತ ತಿದ್ದುಪಡಿ. ಸಂದರ್ಶನದ ಸ್ವರೂಪವನ್ನು ಕುರಿತ ನಮ್ಮ ಆಕ್ಷೇಪಣೆಗೆ ಅದರಲ್ಲಿ ಉತ್ತರವಿಲ್ಲ.

4. ಬೆಲೆ ಮತ್ತು ಅಂಕ

ಮುಂದಿನ ಕಾಲು ಶತಮಾನದಲ್ಲಿ ಹಾವನೂರು ಆಯೋಗದ 1975ರ ವರದಿಯು ಹಿಂದುಳಿದ ವರ್ಗಗಳ ಪಟ್ಟಿಯನ್ನು ಹೊಸದಾಗಿ ರೂಪಿಸಿತು. ಅದೇ ಕಾಲಕ್ಕೆ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ನಮ್ಮ ರಾಜ್ಯದಲ್ಲಿ ಹಬ್ಬಿಕೊಂಡುವು. ಅವುಗಳೊಡನೆ ವಿದ್ಯಾರ್ಥಿಗೆ ಹೊಸದೊಂದು ವರ್ಗ ಲಭಿಸಿತು. ಅದು ಅವನು ತೆರುವ ಬೆಲೆಯ ವರ್ಗ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿದ 1984ರ ಶಾಸನದ ಅಡಿಯಲ್ಲಿ 1989ರ ಜೂನ್ ತಿಂಗಳಲ್ಲಿ ಹೊರಟ ಅಧಿಸೂಚನೆಯು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸ್ಥಾನ ಪಡೆದವನಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗೆ 25,000ದ ವರೆಗೆ, ಹೊರ ರಾಜ್ಯದವನಿಗೆ 60,000ದ ವರೆಗೆ ಶುಲ್ಕವನ್ನು ಗೊತ್ತುಮಾಡಿತು. ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪಾಠ ಕೇಳುವ ಮೂವರಿಗೆ ಮೂರು ಬೆಲೆ. ಮೋಹಿನಿ ಜೈನ್ ಮೊಕದ್ದಮೆಯ 1992ರ ತೀರ್ಪು ಇದನ್ನು ಕ್ಯಾಪಿಟೇಷನ್ ಶುಲ್ಕದ ಮರುವೇಷವೆಂದೇ ಕಂಡಿತು. 1993ರ ಉನ್ನಿಕೃಷ್ಣನ್ ತೀರ್ಪು ಅರ್ಧ ಸ್ಥಾನಗಳು ಉಚಿತ, ಅರ್ಧ ಶುಲ್ಕಸಹಿತ ಎಂಬ ಯೋಜನೆಯನ್ನು ಹಾಕಿತು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಆ ಯೋಜನೆಯನ್ನು ತೆಗೆದುಹಾಕಿತು. 2005ರ ಇನಾಂದಾರ್ ತೀರ್ಪಿನಲ್ಲಿ ಅನಿವಾಸಿ ಭಾರತೀಯರಿಗೆ ಶೇಕಡ 15ರ ವರೆಗೆ ಸ್ಥಾನ ಕೊಡಲು ಅವಕಾಶ ದೊರೆಯಿತು.

ಈ ಗೊಂದಲದ ನಡುವೆ 1994ರಲ್ಲಿ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ಆರಂಭವಾಯಿತು. ನಾವು ಇದನ್ನು ದೊಡ್ಡ ಸುಧಾರಣೆಯೆಂದೇ ಎಣಿಸುತ್ತೇವೆ. ಶಿಫಾರಸು ಪತ್ರವನ್ನು ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆಯುವ ದುರವಸ್ಥೆಯನ್ನು ಅದು ತಪ್ಪಿಸಿತು. ಕೂಲಿಕಾರನ ಮಗಳೂ ಅಧಿಕಾರಿಯ ಮಗಳೂ ಒಂದೇ ಪಟ್ಟಿಯಲ್ಲಿ ತಮ್ಮ ಸಂಖ್ಯೆಯನ್ನು ಎಲ್ಲರೆದುರಿಗೆ ನೋಡಿಕೊಳ್ಳುವಂತಾಯಿತು. ಸಂದರ್ಶನದ ಮೇಜಿನಲ್ಲಿ ಇಲ್ಲದಿದ್ದ ಪಾರದರ್ಶಕತೆ ಇಲ್ಲಿ ಬಂದಿತು.

ಆದರೆ ಅಂಕವು ಮನುಷ್ಯರನ್ನು ವಿಂಗಡಿಸದ ನಿರ್ಮಲ ಅಳತೆಯೆಂದು ಭಾವಿಸುವುದು ತಪ್ಪು. ಇದಕ್ಕೆ ಇತ್ತೀಚಿನ ಒಂದು ನಿದರ್ಶನ ಸಾಕು. ಎಂಜಿನಿಯರಿಂಗ್ ಪ್ರವೇಶಕ್ಕೆ ದ್ವಿತೀಯ ಪಿ.ಯು.ಸಿ. ಅಂಕ ಮತ್ತು ಪ್ರವೇಶ ಪರೀಕ್ಷೆಯ ಅಂಕಗಳನ್ನು ಅರ್ಧರ್ಧ ಪರಿಗಣಿಸುವುದು ರೂಢಿ. 2021ರಲ್ಲಿ ಸಾಂಕ್ರಾಮಿಕ ರೋಗದ ಕಾರಣ ಪಿ.ಯು.ಸಿ. ಪರೀಕ್ಷೆ ನಡೆಯಲಿಲ್ಲ, ಹಿಂದಿನ ತರಗತಿಗಳ ಅಂಕಗಳಿಂದ ಫಲಿತಾಂಶವನ್ನು ಕಟ್ಟಲಾಯಿತು, ಆ ವರ್ಷದ ರ‍್ಯಾಂಕಿಗೆ ಪ್ರವೇಶ ಪರೀಕ್ಷೆಯೊಂದನ್ನೇ ಹಿಡಿಯಲಾಯಿತು. ಮರುವರ್ಷ ಅದೇ ತಂಡದ ಸುಮಾರು 24,000 ವಿದ್ಯಾರ್ಥಿಗಳು ಪುನಃ ಪ್ರವೇಶ ಪರೀಕ್ಷೆಗೆ ಕುಳಿತಾಗ ಅವರ ಪಿ.ಯು.ಸಿ. ಅಂಕಗಳನ್ನು ಲೆಕ್ಕದಿಂದ ಬಿಡಲಾಯಿತು. ವಿವಾದ ಉಚ್ಚ ನ್ಯಾಯಾಲಯಕ್ಕೆ ಹೋಗಿ, 2022ರ ಸೆಪ್ಟೆಂಬರಿನಲ್ಲಿ ಹೊಂದಾಣಿಕೆಯ ಸೂತ್ರವೊಂದರಿಂದ ರ‍್ಯಾಂಕು ಪಟ್ಟಿಯನ್ನು ಪುನಃ ಸಿದ್ಧಪಡಿಸಬೇಕಾಯಿತು. ಒಂದೇ ಪಠ್ಯ, ಒಂದೇ ರಾಜ್ಯ, ಒಂದು ವರ್ಷದ ಅಂತರ. ಇಷ್ಟಕ್ಕೇ ಅಂಕಕ್ಕೂ ಅಂಕಕ್ಕೂ ಸಮಾನತೆ ಇಲ್ಲವಾಯಿತು. ಹೀಗಿರುವಾಗ ಒಬ್ಬನೇ ಉಪಾಧ್ಯಾಯನು ಹಲವು ತರಗತಿಗಳನ್ನು ನೋಡಿಕೊಳ್ಳುವ ಶಾಲೆಯಲ್ಲಿ ಕಲಿತು ಬಂದ ಅಂಕವೂ, ಎರಡು ವರ್ಷ ತರಬೇತಿ ಕೇಂದ್ರದಲ್ಲಿ ಕುಳಿತು ಬಂದ ಅಂಕವೂ ಒಂದೇ ಎನ್ನುವುದು ಲೆಕ್ಕದ ಸೌಕರ್ಯವೇ ಹೊರತು ಸತ್ಯವಲ್ಲ.

5. ಹತ್ತು ವರ್ಷದ ನಿಯಮ

ಈ ಅಸಮಾನತೆಯನ್ನು ನಮ್ಮ ಸರಕಾರ ಅರಿಯದೆ ಇರಲಿಲ್ಲ. ವೃತ್ತಿಶಿಕ್ಷಣದ ಸರಕಾರಿ ಸ್ಥಾನಗಳಲ್ಲಿ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಸ್ಥಾನಗಳನ್ನು ಎಲ್ಲ ವರ್ಗಗಳೊಳಗೂ ಅಡ್ಡವಾಗಿ ಕಾದಿರಿಸಿದುದು ಇದರ ಫಲ. ಹೈದರಾಬಾದು ಕರ್ನಾಟಕಕ್ಕೆ 371–ಜೆ ವಿಧಿಯ ಮೂಲಕ 2013ರಿಂದ ದೊರೆತ ಪ್ರಾದೇಶಿಕ ಮೀಸಲಾತಿಯೂ ಇದೇ ಜಾತಿಯದು. ಆ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ಶೇಕಡ 70 ಸ್ಥಾನಗಳು ಅಲ್ಲಿಯವರಿಗೆ ಸಲ್ಲುತ್ತವೆ. ಇಲ್ಲಿ ವಿದ್ಯಾರ್ಥಿಯ ಹುಟ್ಟಿಗಿಂತ ಅವನ ಕಲಿಕೆಯ ಸನ್ನಿವೇಶವನ್ನು ನೋಡುವ ಯತ್ನವಿದೆ. ನಾವು ಪರಿಶೀಲಿಸಿದ ಮಾನದಂಡಗಳಲ್ಲಿ ವಿದ್ಯೆಯ ಪ್ರಶ್ನೆಗೆ ಅತ್ಯಂತ ಸಮೀಪವಾದುದು ಇದೇ.

ಗ್ರಾಮವಾಸವನ್ನು ವರ್ಗವೆಂದು ಹಿಡಿಯುವುದಕ್ಕೆ ನ್ಯಾಯಾಲಯದ ಅಡ್ಡಿ ಬಾರದೆ ಇರಲಿಲ್ಲ. ಉತ್ತರ ಪ್ರದೇಶವು ವೈದ್ಯಕೀಯ ಕಾಲೇಜುಗಳಲ್ಲಿ ಗ್ರಾಮೀಣರಿಗೆ ಸ್ಥಾನ ಕಾದಿರಿಸಿದಾಗ, 1970ರ ದಶಕದ ನಡುವಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರದೀಪ್ ಟಂಡನ್ ಮೊಕದ್ದಮೆಯಲ್ಲಿ ಅದನ್ನು ನಿರಾಕರಿಸಿ, ಗುಡ್ಡಗಾಡಿನವರ ಮೀಸಲನ್ನು ಮಾತ್ರ ಉಳಿಸಿತು. ಗ್ರಾಮೀಣರೆಲ್ಲರೂ ಸೇರಿ ಒಂದು ಹಿಂದುಳಿದ ವರ್ಗವಾಗುವುದಿಲ್ಲವೆಂಬುದು ಅದರ ತರ್ಕ. ನಮ್ಮ ನಿಯಮವು ವಾಸವನ್ನು ಕೇಳದೆ ವ್ಯಾಸಂಗವನ್ನು ಕೇಳುತ್ತದೆ; ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯ ವರೆಗೆ ಪೂರ್ಣ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಇರಬೇಕು.

ಉದ್ದೇಶ ಒಳ್ಳೆಯದು, ಅಳತೆ ಒರಟು. ಏಳನೆಯ ತರಗತಿಯ ವರೆಗೆ ಮಾತ್ರ ಶಾಲೆಯಿರುವ ಊರಿನ ಹುಡುಗಿಯೊಬ್ಬಳು ಎಂಟನೆಯ ತರಗತಿಗೆ ತಾಲ್ಲೂಕು ಕೇಂದ್ರದ ವಿದ್ಯಾರ್ಥಿನಿಲಯಕ್ಕೆ ಬಂದು ಸೇರಿದಳೆನ್ನೋಣ. ಆ ತಾಲ್ಲೂಕು ಕೇಂದ್ರ ಪುರಸಭೆಯಾಗಿದ್ದರೆ ಅವಳ ಏಳು ವರ್ಷಗಳ ಹಳ್ಳಿಯ ಓದಿಗೆ ಬೆಲೆಯಿಲ್ಲ; ಅವಳು ನಗರದ ವಿದ್ಯಾರ್ಥಿನಿ. ನಗರದ ಗಡಿಯಿಂದಾಚೆಗೆ ಗ್ರಾಮ ಪಂಚಾಯತಿಯ ಮೇರೆಯಲ್ಲಿ ಕಟ್ಟಿದ ಆಂಗ್ಲ ಮಾಧ್ಯಮದ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ನಗರದ ಹುಡುಗನಾದರೊ, ನಿಯಮದ ಅಕ್ಷರವನ್ನೇ ಹಿಡಿದರೆ, ಗ್ರಾಮೀಣ ಶಾಲೆಯಲ್ಲಿ ಓದಿದವನು. ಹತ್ತು ವರ್ಷವಾದರೆ ಎಲ್ಲವೂ ಉಂಟು, ಒಂಬತ್ತು ವರ್ಷವಾದರೆ ಏನೂ ಇಲ್ಲ ಎಂಬ ನಿಯಮದಲ್ಲಿ ನಾಗನಗೌಡ ಸಮಿತಿಯ ಕಾಲದ ಗೆರೆಯ ತೊಡಕೇ ಮರಳಿ ಬಂದಿದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯವು, ನಡುವೆ ಕೆಲವು ವರ್ಷ ಬಿಟ್ಟು, ದಶಕಗಳ ಕಾಲ ಬೇರೊಂದು ಕ್ರಮವನ್ನು ಅನುಸರಿಸಿತು. ಅಭ್ಯರ್ಥಿಯು ಬಂದ ಜಿಲ್ಲೆ ಎಷ್ಟು ಹಿಂದುಳಿದಿದೆಯೆಂದು ನೋಡಿ, ಅವನು ಪರೀಕ್ಷೆಯಲ್ಲಿ ಪಡೆದ ಅಂಕಗಳಿಗೆ ಅದಕ್ಕೆ ತಕ್ಕ ಕೆಲವು ಅಂಕಗಳನ್ನು ಕೂಡಿಸುತ್ತಿದ್ದರು. ಜಿಲ್ಲೆಯೂ ಒರಟಾದ ಅಳತೆಯೇ. ಆದರೂ ಕೊರತೆಯೆಂಬುದು ಹೆಚ್ಚು ಕಡಿಮೆಯಾಗಿ ಇರುವ ವಸ್ತು ಎಂಬ ತಿಳಿವಳಿಕೆ ಅಲ್ಲಿತ್ತು. ನಮ್ಮಲ್ಲಿಯೂ ಹತ್ತು ವರ್ಷಗಳಲ್ಲಿ ಎಷ್ಟು ವರ್ಷವೆಂಬುದಕ್ಕೆ ತಕ್ಕಂತೆ ಅಂಕ ಕೊಡುವ ಕ್ರಮವನ್ನು ಏಕೆ ವಿಚಾರಮಾಡಬಾರದು?

ಕನ್ನಡ ಮಾಧ್ಯಮದ ಶೇಕಡ 5ರ ವಿಚಾರ ಇನ್ನೂ ಗಂಭೀರವಾದುದು. ಹತ್ತನೆಯ ತರಗತಿಯ ವರೆಗೆ ಕನ್ನಡದಲ್ಲಿ ಕಲಿತವನಿಗೆ ಪಿ.ಯು.ಸಿ. ವಿಜ್ಞಾನದ ಬೋಧನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ವೇಗೋತ್ಕರ್ಷ, ಜಡತ್ವ, ದ್ಯುತಿಸಂಶ್ಲೇಷಣೆಗಳನ್ನು ಚೆನ್ನಾಗಿ ತಿಳಿದಿದ್ದವನು ಒಂದು ಬೇಸಗೆಯ ರಜದ ಅನಂತರ ಅವೇ ವಿಷಯಗಳ ಎದುರಿಗೆ ಅಪರಿಚಿತನಂತೆ ಕುಳಿತುಕೊಳ್ಳುತ್ತಾನೆ. ವೈದ್ಯಕೀಯ ಪ್ರವೇಶದ ರಾಷ್ಟ್ರೀಯ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದಾಯಿತು. ಆದರೆ 2020ರಲ್ಲಿ ಕನ್ನಡವನ್ನು ಆರಿಸಿಕೊಂಡವರು ಇಡೀ ದೇಶದಲ್ಲಿ ಸುಮಾರು ಒಂದು ಸಾವಿರ. ಗುಜರಾತಿಯನ್ನು ಆರಿಸಿಕೊಂಡವರು ಐವತ್ತು ಸಾವಿರಕ್ಕೂ ಮೀರಿ. ಇದರಿಂದ ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ಆಸಕ್ತಿಯಿಲ್ಲವೆಂದು ತೀರ್ಮಾನಿಸುವುದು ದುಡುಕು. ಕಲಿಸಿದ ಭಾಷೆಯೊಂದು, ಪರೀಕ್ಷೆಯ ಭಾಷೆ ಇನ್ನೊಂದು ಆದಾಗ ವಿದ್ಯಾರ್ಥಿ ಕಲಿಸಿದ ಭಾಷೆಯನ್ನೇ ಹಿಡಿಯುತ್ತಾನೆ. ನಾವು ಅವನಿಗೆ ಕೊನೆಯ ಎರಡು ವರ್ಷ ವಿಜ್ಞಾನವನ್ನು ಕನ್ನಡದಲ್ಲಿ ಕಲಿಸಲಿಲ್ಲ.

ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ 1956–60ರ ಅವಧಿಯಲ್ಲಿ ಕನ್ನಡವನ್ನು ಪದವಿ ಶಿಕ್ಷಣದ ಮಾಧ್ಯಮವನ್ನಾಗಿ ಮಾಡುವ ಯತ್ನಕ್ಕೆ ಅಡಿಗಲ್ಲು ಹಾಕಿದರು. ಕಲಾ ವಿಷಯಗಳಲ್ಲಿ ಅದು ಬೇರೂರಿತು. ವೃತ್ತಿಶಿಕ್ಷಣದಲ್ಲಿ ಬೇರೂರಲಿಲ್ಲ. ಆದುದರಿಂದ ಕನ್ನಡ ಮಾಧ್ಯಮದ ಮೀಸಲು ವಿಚಿತ್ರವಾದ ಸ್ಥಿತಿಯಲ್ಲಿ ನಿಂತಿದೆ. ಒಂದು ಭಾಷೆಯಲ್ಲಿ ಕಲಿತುದಕ್ಕಾಗಿ ವಿದ್ಯಾರ್ಥಿಗೆ ಸ್ಥಾನವನ್ನು ಕೊಟ್ಟು, ಆ ಸ್ಥಾನದಲ್ಲಿ ಕುಳಿತ ದಿನದಿಂದಲೇ ಆ ಭಾಷೆಯನ್ನು ಮರೆತುಬಿಡು ಎನ್ನುತ್ತದೆ.

6. ಒಳಗೆ ಬಂದ ಮೇಲೆ

ಇಲ್ಲಿಗೆ ನಾವು ಮೊದಲು ಎತ್ತಿದ ಮೂರನೆಯ ಪ್ರಶ್ನೆಗೆ ಬಂದೆವು. ಜಾತಿ, ಕಸುಬು, ವರಮಾನ, ಊರು, ಮಾಧ್ಯಮ, ಯಾವ ಸೂತ್ರವನ್ನು ಹಿಡಿದರೂ ಕಾದಿರಿಸಿದ ಸ್ಥಾನದ ಅರ್ಥ ಒಂದೇ: ಈ ವಿದ್ಯಾರ್ಥಿಯ ಕಲಿಕೆಗೆ ಹಿಂದೆ ಅಡ್ಡಿಗಳಿದ್ದುವು, ಅವನ ಅಂಕವು ಅವನ ಶಕ್ತಿಯನ್ನು ಪೂರ್ತಿಯಾಗಿ ತಿಳಿಸುವುದಿಲ್ಲ. ಇದನ್ನು ಒಪ್ಪಿಕೊಂಡೇ ವಿಶ್ವವಿದ್ಯಾನಿಲಯ ಅವನನ್ನು ಒಳಗೆ ಕರೆದುಕೊಳ್ಳುತ್ತದೆ. ಕರೆದುಕೊಂಡ ಮೇಲೆ ಆ ಅಡ್ಡಿಗಳು ಪ್ರವೇಶದ ದಿನವೇ ಮಾಯವಾದುವೆಂಬಂತೆ ಪಾಠ ಆರಂಭಿಸುತ್ತದೆ. ಅದೇ ವೇಗ, ಅದೇ ಭಾಷೆ, ಅದೇ ಪರೀಕ್ಷೆ. ಮೊದಲನೆಯ ವರ್ಷ ಎರಡು ವಿಷಯಗಳಲ್ಲಿ ತಪ್ಪಿದವನನ್ನು ಕಂಡು, ಮೀಸಲಾತಿಯಿಂದ ಬಂದವರು ಹೀಗೆಯೇ ಎಂದು ಅಧ್ಯಾಪಕರ ಕೊಠಡಿಯಲ್ಲಿ ಮಾತು ಹೊರಡುತ್ತದೆ. ಬಾಗಿಲಲ್ಲಿ ಒಪ್ಪಿಕೊಂಡ ಸತ್ಯವನ್ನು ತರಗತಿಯಲ್ಲಿ ಮರೆತವರು ನಾವೇ ಎಂಬುದು ಆ ಮಾತಿನಲ್ಲಿ ಬರುವುದಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಭಾರತೀಯ ತಂತ್ರಜ್ಞಾನ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿ ಪಂಗಡಗಳ ಮತ್ತು ಅಂಗವಿಕಲ ಅಭ್ಯರ್ಥಿಗಳಲ್ಲಿ ನಿಗದಿಯಾದ ಮಟ್ಟಕ್ಕೆ ಸ್ವಲ್ಪ ಕಡಮೆಯಾದವರಿಗಾಗಿ ಒಂದು ವರ್ಷದ ಪೂರ್ವಸಿದ್ಧತಾ ಶಿಕ್ಷಣವಿದೆ. ಅದರಲ್ಲಿ ತೇರ್ಗಡೆಯಾದವರು ಪ್ರವೇಶ ಪರೀಕ್ಷೆಯನ್ನು ಪುನಃ ಬರೆಯದೆ ಮೊದಲನೆಯ ವರ್ಷದ ತರಗತಿಗೆ ಸೇರುತ್ತಾರೆ. ಪ್ರವೇಶ ಕೊಡುವ ಸಂಸ್ಥೆಯೇ ಸಿದ್ಧಗೊಳಿಸುವ ಹೊಣೆಯನ್ನೂ ಹೊತ್ತಿದೆಯೆಂಬುದು ಅದರ ವಿಶೇಷ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದಕ್ಕೆ ಸಮೀಪವಾಗಿ ಇರುವುದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಲಿಯು ಗೊತ್ತುಮಾಡಿದ ಮೂರು ವಾರಗಳ ಪರಿಚಯ ಕಾರ್ಯಕ್ರಮ. ಹತ್ತು ವರ್ಷಗಳಲ್ಲಿ ಬೆಳೆದ ಅಂತರವನ್ನು ಮೂರು ವಾರಗಳಲ್ಲಿ ದಾಟಿಸುವೆವೆಂದು ಯಾರೂ ಹೇಳಲಾರರು.

ವಿಶೇಷ ಬೋಧನೆಗೆ ಎರಡು ಆಕ್ಷೇಪಣೆಗಳು ಬರುವುದುಂಟು. ಮೊದಲನೆಯದು, ಅದು ವಿದ್ಯಾರ್ಥಿಯ ಹಣೆಗೆ ಚೀಟಿ ಅಂಟಿಸಿದಂತಾಗುತ್ತದೆ ಎಂಬುದು. ಈ ಭಯ ನಿರಾಧಾರವಲ್ಲ. ಮೀಸಲು ಪಟ್ಟಿಯನ್ನು ಓದಿ ಹೆಸರು ಕರೆದು ಸಂಜೆಯ ತರಗತಿಗೆ ಕಳುಹಿಸುವ ಪದ್ಧತಿ ಅವಮಾನಕರವಾದುದು. ಅದರಲ್ಲಿ ಸತ್ಯವೂ ಇಲ್ಲ. ಮೀಸಲು ಸ್ಥಾನದಲ್ಲಿ ಬಂದವರಲ್ಲಿ ಬಹುಮಂದಿಗೆ ಯಾವ ನೆರವೂ ಬೇಕಾಗಿರುವುದಿಲ್ಲ. ಸಾಮಾನ್ಯ ಸ್ಥಾನದಲ್ಲಿ ಬಂದ ಹಲವರಿಗೆ ಬೇಕಾಗಿರುತ್ತದೆ. ಆದುದರಿಂದ ಮೊದಲನೆಯ ತಿಂಗಳಲ್ಲಿ ಎಲ್ಲರಿಗೂ ಒಂದು ಸರಳ ಪರೀಕ್ಷೆಯನ್ನು ಕೊಟ್ಟು, ಭಾಷೆಯಲ್ಲಿಯೊ ಗಣಿತದಲ್ಲಿಯೊ ಕೊರತೆ ಕಂಡವರಿಗೆಲ್ಲ, ಅವರು ಯಾವ ಪಟ್ಟಿಯಿಂದ ಬಂದವರೆಂದು ಕೇಳದೆ, ಬೋಧನೆಯನ್ನು ಏರ್ಪಡಿಸಬೇಕು. ಪ್ರವೇಶಕ್ಕೆ ವರ್ಗವನ್ನು ನೋಡುವುದು ಅಗತ್ಯ. ಬೋಧನೆಗೆ ವ್ಯಕ್ತಿಯನ್ನೇ ನೋಡಬೇಕು.

ಎರಡನೆಯ ಆಕ್ಷೇಪಣೆ ವೇಳೆಗೆ ಮತ್ತು ಹಣಕ್ಕೆ ಸಂಬಂಧಿಸಿದುದು. ಅಧ್ಯಾಪಕ ಹುದ್ದೆಗಳು ತೆರವಾಗಿಯೇ ಉಳಿದು ಅತಿಥಿ ಉಪನ್ಯಾಸಕರಿಂದ ಪಾಠ ಸಾಗುತ್ತಿರುವ ಕಾಲೇಜುಗಳಲ್ಲಿ ಇನ್ನೊಂದು ತರಗತಿಯ ಮಾತನ್ನಾಡುವುದು ಸುಲಭವಲ್ಲವೆಂದು ನಾವು ಬಲ್ಲೆವು. ಆದರೆ ಈ ಬೋಧನೆಯನ್ನು ಉಪಕಾರವೆಂದು ಎಣಿಸುವ ತನಕ ಅದಕ್ಕೆ ವೇಳೆಯೂ ಹಣವೂ ದೊರೆಯುವುದಿಲ್ಲ. ಅದನ್ನು ಅಧ್ಯಾಪಕರ ಕಾರ್ಯಭಾರದಲ್ಲಿ ಸೇರಿಸಿ, ವಿದ್ಯಾರ್ಥಿಗೆ ಅದರಿಂದ ಅಂಕಮಾನ್ಯತೆ ಸಿಗುವಂತೆ ಮಾಡಿದರೆ ಅದು ಪಠ್ಯಕ್ರಮದ ಭಾಗವಾಗುತ್ತದೆ. ಇದಕ್ಕಿಂತಲೂ ಸುಲಭವಾದ ಕೆಲಸಗಳಿವೆ. ಪ್ರತಿಯೊಂದು ವಿಭಾಗವೂ ತನ್ನ ಮೊದಲನೆಯ ವರ್ಷದ ಪಾರಿಭಾಷಿಕ ಪದಗಳನ್ನು ಕನ್ನಡ–ಇಂಗ್ಲಿಷುಗಳೆರಡರಲ್ಲಿಯೂ ಜೋಡಿಸಿಕೊಟ್ಟರೆ ಅದರ ಖರ್ಚು ಕೆಲವು ಹಾಳೆ ಕಾಗದ. ಆಂತರಿಕ ಪರೀಕ್ಷೆಗಳಲ್ಲಿ ಎರಡು ಭಾಷೆಗಳಲ್ಲಿಯೂ ಉತ್ತರಿಸಲು ಅವಕಾಶವಿತ್ತರೆ, ವಿದ್ಯಾರ್ಥಿಗೆ ವಿಷಯ ತಿಳಿದಿಲ್ಲವೊ ಭಾಷೆ ತಿಳಿದಿಲ್ಲವೊ ಎಂಬುದಾದರೂ ಅಧ್ಯಾಪಕನಿಗೆ ಗೊತ್ತಾದೀತು.

ಇವೆಲ್ಲಕ್ಕಿಂತ ಮೊದಲು ಆಗಬೇಕಾದುದು ಎಣಿಕೆ. ಯಾವ ವರ್ಗದಲ್ಲಿ ಎಷ್ಟು ಮಂದಿ ಸೇರಿದರೆಂಬುದನ್ನು ವಿದ್ಯಾಸಂಸ್ಥೆಗಳು ವರ್ಷವರ್ಷವೂ ಪ್ರಕಟಿಸುತ್ತವೆ. ಅವರಲ್ಲಿ ಎಷ್ಟು ಮಂದಿ ನಿಗದಿಯಾದ ಕಾಲದಲ್ಲಿ ಪದವಿ ಪಡೆದರು, ಎಷ್ಟು ಮಂದಿ ನಡುವೆ ಬಿಟ್ಟುಹೋದರು, ಯಾವ ವಿಷಯದಲ್ಲಿ ಎಡವಿದರು ಎಂಬುದನ್ನೂ ಅದೇ ಪಟ್ಟಿಯ ಮುಂದಿನ ಕಲಮಿನಲ್ಲಿ ಪ್ರಕಟಿಸಬೇಕು. ನಾಗನಗೌಡ ಸಮಿತಿಯು ಸೀಮಿತ ಸಾಧನಗಳಿಂದ ಇಡೀ ರಾಜ್ಯದ ಪ್ರೌಢಶಾಲೆಗಳ ಮಕ್ಕಳನ್ನು ಎಣಿಸಿತು. ಇಂದಿನ ವಿಶ್ವವಿದ್ಯಾನಿಲಯವು ತನ್ನದೇ ವಿದ್ಯಾರ್ಥಿಗಳನ್ನು ಎಣಿಸಲಾರೆನೆಂದರೆ ನಂಬುವವರಾರು?

7. ಉಪಸಂಹಾರ

ನೂರು ವರ್ಷಗಳ ಈ ಚರಿತ್ರೆಯನ್ನು ನೋಡಿದರೆ, ಪ್ರವೇಶದ ಪ್ರಶ್ನೆಯನ್ನು ಸಮಿತಿಗಳೂ ಸರಕಾರಗಳೂ ನ್ಯಾಯಾಲಯಗಳೂ ಎಷ್ಟು ಶ್ರದ್ಧೆಯಿಂದ ವಿಚಾರಮಾಡಿವೆಯೊ ಅಷ್ಟು ಶ್ರದ್ಧೆಯನ್ನು ವಿಶ್ವವಿದ್ಯಾನಿಲಯಗಳು ತೋರಿಲ್ಲವೆಂದು ಹೇಳದೆ ವಿಧಿಯಿಲ್ಲ. ಶೇಕಡ ಎಷ್ಟು ಎಂಬುದನ್ನು ಗೊತ್ತುಮಾಡುವುದು ಸರಕಾರದ ಕೆಲಸ; ಅದು ನ್ಯಾಯಸಮ್ಮತವೆ ಎಂದು ನೋಡುವುದು ನ್ಯಾಯಾಲಯದ ಕೆಲಸ. ಒಳಗೆ ಬಂದವನಿಗೆ ಕಲಿಸುವುದು ನಮ್ಮ ಕೆಲಸ. ಅದನ್ನು ಬೇರೆ ಯಾರೂ ಮಾಡಲಾರರು, ಅದಕ್ಕಾಗಿ ಯಾವ ತೀರ್ಪನ್ನೂ ಕಾಯಬೇಕಾಗಿಲ್ಲ.

ಹತ್ತು ವರ್ಷದ ನಿಯಮವನ್ನು ಹಂತಹಂತದ ಅಂಕವನ್ನಾಗಿ ತಿದ್ದುವುದು, ಮೊದಲನೆಯ ವರ್ಷದಲ್ಲಿ ಅಗತ್ಯವಿದ್ದವರಿಗೆಲ್ಲ ಪಠ್ಯಕ್ರಮದ ಅಂಗವಾಗಿ ಬೋಧನೆಯನ್ನು ಏರ್ಪಡಿಸುವುದು, ಸೇರಿದವರ ಲೆಕ್ಕದ ಜೊತೆಗೆ ಮುಗಿಸಿದವರ ಲೆಕ್ಕವನ್ನೂ ಪ್ರಕಟಿಸುವುದು, ಈ ಮೂರು ನಮ್ಮ ಸಲಹೆಗಳು. ಮೊದಲನೆಯದಕ್ಕೆ ಸರಕಾರದ ಆಜ್ಞೆ ಬೇಕು. ಉಳಿದೆರಡನ್ನು ಮುಂದಿನ ಶೈಕ್ಷಣಿಕ ವರ್ಷದಲ್ಲಿಯೇ ಒಂದೊಂದು ವಿಭಾಗವೂ ತನ್ನ ಮಟ್ಟಿಗೆ ಆರಂಭಿಸಬಹುದು. ಅಧ್ಯಾಪಕ ಮಿತ್ರರು ಈ ಸಲಹೆಗಳನ್ನು ತಮ್ಮ ತರಗತಿಯ ಅನುಭವದೊಡನೆ ಹೋಲಿಸಿ ನೋಡಿ, ತಪ್ಪಿದ್ದಲ್ಲಿ ತಿದ್ದಬೇಕೆಂದು ನಮ್ಮ ಕೋರಿಕೆ.